ಭಾಗಮಂಡಲದ ಮಳೆ, ಲಂಡನ್ನಿನ ರೇಟು

ಜೂನ್ ಕಳೆದು ಜುಲೈ ಹಿಡಿಯಿತೆಂದರೆ ಮಂಡ್ಯ, ಮೈಸೂರು ಕಡೆಯ ಪತ್ರಿಕೆ ಓದುಗರಿಗೆ ಒಂದು ಊರಿನ ಹೆಸರು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಭಾಗಮಂಡಲದಲ್ಲಿ ಇಷ್ಟು ಮಿಲಿಮೀಟರ್ ಮಳೆ, ತ್ರಿವೇಣಿ ಸಂಗಮ ಜಲಾವೃತ, ನಾಪೋಕ್ಲು ರಸ್ತೆ ಬಂದ್. ಅದರ ಪಕ್ಕದಲ್ಲೇ ಕೆಆರ್‌ಎಸ್ ಮಟ್ಟ ಎಷ್ಟು ಅಡಿ ಎಂಬ ಸಾಲು. ಜಲಾಶಯದ ಪೂರ್ಣ ಮಟ್ಟ 124.80 ಅಡಿ ಎಂಬುದು ಆ ಕಡೆಯ ಶಾಲೆ ಮಕ್ಕಳಿಗೂ ಬಾಯಿಪಾಠ. ಭಾಗಮಂಡಲದ ಅಂಕಿ ಏರಿದರೆ ಕೆಲವೇ ದಿನಗಳಲ್ಲಿ ಅಣೆಕಟ್ಟೆಯ ಅಂಕಿ ಏರುತ್ತದೆ, ಅದು ಏರಿದರೆ ನಾಲೆಗೆ ನೀರು ಬರುತ್ತದೆ, ನೀರು ಬಂದರೆ ನಾಟಿ. ಭಾಗಮಂಡಲವನ್ನು ಒಮ್ಮೆಯೂ ನೋಡಿರದ ರೈತ ಅಲ್ಲಿನ ಮಳೆಯ ಲೆಕ್ಕ ನೋಡಿ ಒಟ್ಟಲು ಹಾಕುವ ದಿನ ಗೊತ್ತು ಮಾಡುತ್ತಾನೆ.

ಅದೇ ಅಂಕಿಯನ್ನು ಕೊಡಗಿನ ಬೆಳೆಗಾರ ಬೇರೆಯೇ ಕಾರಣಕ್ಕೆ ನೋಡುತ್ತಾನೆ. ಅಂಕಿಯನ್ನು ನೋಡಿ ವ್ಯವಹಾರದ ತೀರ್ಮಾನ ತೆಗೆದುಕೊಳ್ಳುವ ಅಭ್ಯಾಸ ಕಂಪ್ಯೂಟರಿನ ಜೊತೆ ಬಂದದ್ದು ಎಂದು ನಾವು ಅಂದುಕೊಂಡಿದ್ದೇವೆ. ಬಣ್ಣದ ನಕ್ಷೆ, ಬೆರಳಿಟ್ಟರೆ ಬಿಚ್ಚಿಕೊಳ್ಳುವ ಗೆರೆ, ‘ಡ್ಯಾಶ್‌ಬೋರ್ಡ್’ ಎಂಬ ಪದ, ಇವೆಲ್ಲ ಹೊಸತು ನಿಜ. ಅದರ ಹಿಂದಿನ ಕಥೆ ಮಾತ್ರ ಹಳೆಯದು, ಮತ್ತು ಅದರ ಒಂದು ಒಳ್ಳೆಯ ಅಧ್ಯಾಯ ಕೊಡಗಿನ ಎಸ್ಟೇಟ್ ಆಫೀಸುಗಳ ಮೇಜಿನ ಮೇಲಿದೆ.

ಆ ಅಧ್ಯಾಯದ ಹೆಸರು ಮಳೆ ಪುಸ್ತಕ.

1834ರಲ್ಲಿ ಕೊಡಗು ಕಂಪೆನಿ ಸರ್ಕಾರದ ಕೈಗೆ ಹೋಯಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಪ್ಲಾಂಟರ್ ಮಡಿಕೇರಿಯಲ್ಲಿ ತೋಟ ತೆರೆದ. ಅವನ ಹಿಂದೆ ಬಂದವರು ಕಾಡು ಪೂರ್ತಿ ಬೋಳಿಸಿ ಕಾಫಿ ನೆಟ್ಟರು. 1860ರ ದಶಕದಲ್ಲಿ ಬಿಳಿಕಾಂಡ ಕೊರಕ ಬಂದು ತೋಟಗಳು ಒಣಗಿದ ಮೇಲೆ ಮರದ ನೆರಳಿಗೆ ಮರಳಿದರು. ಈ ಪೆಟ್ಟು ತಿಂದವರಿಗೆ ಒಂದು ಮಾತು ಅರ್ಥವಾಯಿತು. ಕೊಡಗಿನಲ್ಲಿ ಒಂದು ತೋಟದ ಮಳೆ ಇನ್ನೊಂದು ತೋಟದ ಮಳೆಯಲ್ಲ. ಭಾಗಮಂಡಲದಲ್ಲಿ ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಹತ್ತಿರ ಸುರಿಯುತ್ತದೆ. ಅದೇ ಕಾವೇರಿ ಹರಿದು ಕುಶಾಲನಗರ ಮುಟ್ಟುವ ಹೊತ್ತಿಗೆ ಮಳೆ ಅದರ ಕಾಲುಭಾಗಕ್ಕಿಂತ ಕೆಳಗಿಳಿದಿರುತ್ತದೆ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವಾಗ ಮಡಿಕೇರಿಯ ಅಂಕಿ ನೋಡಿ ಪಾಲಿಬೆಟ್ಟದಲ್ಲಿ ಗೊಬ್ಬರ ಹಾಕುವಂತಿಲ್ಲ. ಆದ್ದರಿಂದ ತೋಟ ತೋಟದಲ್ಲೂ ಒಂದು ಮಳೆ ಮಾಪಕ.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ ಹಿಂದಿನ ಇಪ್ಪತ್ನಾಲ್ಕು ಗಂಟೆಯ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುವುದು ಇಲಾಖೆಯ ಕ್ರಮ. ತೋಟಗಳಲ್ಲಿ ಕೂಡ ಬೆಳಗಿನ ಹೊತ್ತಿಗೆ ರೈಟರು ಛತ್ರಿ ಹಿಡಿದು ಹೋಗಿ, ಆಲಿಕೆಯ ಕೆಳಗಿನ ಪಾತ್ರೆಯ ನೀರನ್ನು ಗಾಜಿನ ಅಳತೆಗೆ ಸುರಿದು, ಇಂಚು ಮತ್ತು ಸೆಂಟಿನಲ್ಲಿ ಬರೆದುಕೊಳ್ಳುತ್ತಿದ್ದರು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಸರ್ಕಾರ ಎಂದೋ ಮೆಟ್ರಿಕ್‌ಗೆ ಬದಲಾಯಿತು, ಬೆಳೆಗಾರ ಬದಲಾಗಲಿಲ್ಲ. ‘ನಿಮ್ಮಲ್ಲಿ ಎಷ್ಟು ಬಂತು?’ ಎಂದರೆ ಇವತ್ತೂ ಉತ್ತರ ‘ಒಂದು ಇಂಚು ನಲವತ್ತು ಸೆಂಟು’ ಎಂದೇ. ಜಾಗವನ್ನು ಅಳೆಯುವುದೂ ಸೆಂಟಿನಲ್ಲಿ, ಮಳೆ ಅಳೆಯುವುದೂ ಸೆಂಟಿನಲ್ಲಿ. ಮೂರನೆಯ ಒಂದು ಸೆಂಟು ಕೂಡ ಇದೆ, ಅದರ ಮಾತು ಮುಂದೆ ಬರುತ್ತದೆ.

ಮಳೆ ಪುಸ್ತಕದ ಪುಟವೆಂದರೆ ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಮೂವತ್ತೊಂದು ದಿನ, ವರ್ಷಕ್ಕೊಂದು ಪುಟ. ನೂರು ವರ್ಷ ದಾಟಿದ ದಾಖಲೆ ಇಟ್ಟ ತೋಟಗಳೂ ಇವೆ. ಈ ಪುಟದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮನೆಗಳು ಯಾವುವು ಎಂದು ಹೊರಗಿನವರನ್ನು ಕೇಳಿದರೆ ಜುಲೈ, ಆಗಸ್ಟ್ ಎನ್ನುತ್ತಾರೆ. ಬೆಳೆಗಾರನ ಕಣ್ಣು ಹೋಗುವುದು ಫೆಬ್ರವರಿ, ಮಾರ್ಚ್‌ಗೆ. ಬಹುತೇಕ ಖಾಲಿ ಇರುವ ಆ ಕಂಬಗಳಲ್ಲಿ ಎಲ್ಲೋ ಒಂದು ಕಡೆ ‘1.10’ ಎಂದು ಬರೆದಿರುತ್ತದೆ. ಅದು ಹೂಮಳೆ.

ರೊಬಸ್ಟಾ ಗಿಡದ ಮೊಗ್ಗು ಬೇಸಿಗೆಯಲ್ಲಿ ಕಾದು ಕೂತಿರುತ್ತದೆ. ಒಂದು ಇಂಚಿನ ಆಸುಪಾಸು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ, ಎಲ್ಲರೂ ‘ಬ್ಯಾಕಿಂಗ್’ ಎಂದು ಕರೆಯುವುದು, ಬರಬೇಕು. ಬಂದರೆ ಕಾಯಿ ನಿಲ್ಲುತ್ತದೆ. ಇಪ್ಪತ್ತೇ ಸೆಂಟು ಬಿದ್ದು ನಿಂತರೆ ಮಳೆಯೇ ಬಾರದ್ದಕ್ಕಿಂತ ಕೆಟ್ಟದ್ದು, ಮೊಗ್ಗು ಅರ್ಧ ಎಚ್ಚರವಾಗಿ ಹಾಳಾಗುತ್ತದೆ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಸ್ಪ್ರಿಂಕ್ಲರ್ ಎಂದರೆ ಡೀಸೆಲ್, ಪೈಪು ಎತ್ತುವ ಆಳು, ಕೆರೆಯಲ್ಲಿ ಉಳಿದಿರುವ ನೀರು. ಇವತ್ತು ಹಾಕಿ ನಾಳೆ ಮಳೆ ಬಂದರೆ ಖರ್ಚು ದಂಡ. ಕಾದು ಮಳೆ ಬಾರದಿದ್ದರೆ ಬೆಳೆಯೇ ದಂಡ. ವರ್ಷದ ಆದಾಯ ಈ ನಾಲ್ಕೈದು ವಾರದ ಒಂದು ತೀರ್ಮಾನದಲ್ಲಿ ನಿಂತಿರುತ್ತದೆ.

ಆಗ ಮಳೆ ಪುಸ್ತಕ ತೆಗೆಯುತ್ತಾರೆ. ಕಳೆದ ಹತ್ತು ವರ್ಷ ಮಾರ್ಚ್ ಹದಿನೈದರೊಳಗೆ ಎಷ್ಟು ಸಲ ಬಂದಿದೆ? ಬಂದ ವರ್ಷ ಬ್ಯಾಕಿಂಗ್ ಯಾವಾಗ ಬಂತು? ಬಾರದ ವರ್ಷ ಕೆರೆ ನೀರು ಎಲ್ಲಿಯವರೆಗೆ ಸಾಕಾಯಿತು? ಪುಟ ತಿರುಗಿಸಬೇಕು, ಬೆರಳಿಡಬೇಕು, ಹಿಂದಿನ ಪುಟಕ್ಕೆ ಮರಳಬೇಕು. ಪುಸ್ತಕದಲ್ಲಿ ಉತ್ತರ ಇದೆ, ಆದರೆ ಅದು ಕಾಣುವುದಿಲ್ಲ; ಹುಡುಕಿ ತೆಗೆಯಬೇಕು. ಚಿತ್ರ ಬೇಕಾಗುವುದು ಇಲ್ಲಿಯೇ.

ವ್ಯಾಪಾರದ ಅಂಕಿಯನ್ನು ಗೆರೆಯಾಗಿ ಎಳೆದು ಮೊದಲು ಪುಸ್ತಕವಾಗಿ ಅಚ್ಚು ಮಾಡಿದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಬಂದ ಅವನ ‘ಕಮರ್ಷಿಯಲ್ ಅಂಡ್ ಪೊಲಿಟಿಕಲ್ ಅಟ್ಲಾಸ್’ನಲ್ಲಿ ಇಂಗ್ಲೆಂಡಿನ ಆಮದು, ರಫ್ತುಗಳು ಎರಡು ಗೆರೆಗಳಾಗಿ ಓಡುತ್ತವೆ, ನಡುವಿನ ಜಾಗವೇ ಲಾಭ ಅಥವಾ ನಷ್ಟ. (ಆ ವರ್ಷಗಳಲ್ಲಿ ಕೊಡಗು ಟಿಪ್ಪುವಿನ ವಶದಲ್ಲಿತ್ತು, ಭಾಗಮಂಡಲವನ್ನು ದೊಡ್ಡವೀರರಾಜೇಂದ್ರ ಮರಳಿ ಪಡೆದದ್ದು 1790ರಲ್ಲಿ.) ಆ ಪುಸ್ತಕದಲ್ಲಿ ನನಗೆ ಇಷ್ಟವಾದ ಸಂಗತಿ ಬೇರೆ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಅವನ ಬಳಿ ಒಂದೇ ವರ್ಷದ ಲೆಕ್ಕವಿತ್ತು. ಒಂದು ವರ್ಷದಿಂದ ಗೆರೆ ಹುಟ್ಟುವುದಿಲ್ಲ. ಬೇರೆ ದಾರಿ ಇಲ್ಲದೆ ಒಂದೊಂದು ದೇಶಕ್ಕೂ ಪಟ್ಟಿಗಳನ್ನು ಎಳೆದ. ಇವತ್ತು ಎಲ್ಲ ಆಫೀಸುಗಳಲ್ಲೂ ಕಾಣುವ ಬಾರ್ ಚಾರ್ಟ್ ಹುಟ್ಟಿದ್ದು ಹೀಗೆ, ಅಂಕಿ ಸಾಲದೇ ಹೋದದ್ದರಿಂದ. ನೂರು ವರ್ಷದ ಮಳೆ ಪುಸ್ತಕ ಪ್ಲೇಫೇರ್ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ!

ಆದರೆ ಅಚ್ಚಾದ ಗೆರೆ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ, ಬರೆದವನು ಕೇಳಿಕೊಂಡ ಪ್ರಶ್ನೆಗೆ. ನೋಡುವವನು ತನ್ನ ಪ್ರಶ್ನೆ ಕೇಳಬೇಕಾದರೆ ಚಿತ್ರ ಅವನ ಕೈಗೆ ಅಲುಗಬೇಕು. ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಫ್ರಾನ್ಸಿನ ಭೂಪಟಕಾರ ಜಾಕ್ ಬರ್ಟಾಂ 1960ರ ದಶಕದಲ್ಲಿ ಕೋಷ್ಟಕದ ಸಾಲುಗಳನ್ನು ಕೈಯಲ್ಲೇ ಆಚೀಚೆ ಸರಿಸಿ ಜೋಡಿಸಬಹುದಾದ ಸಾಧನ ಮಾಡಿಸಿಕೊಂಡಿದ್ದ. ಸಾಲು ಬದಲಾಯಿಸಿದಂತೆ ಅಡಗಿದ್ದ ಆಕಾರ ಹೊರಬರುತ್ತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಜಾನ್ ಟುಕಿ ಮತ್ತು ಸಂಗಡಿಗರು ಪ್ರಿಮ್-9 ಎಂಬ ವ್ಯವಸ್ಥೆಯಲ್ಲಿ ಅಂಕಿಗಳ ಮೋಡವನ್ನು ತೆರೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದರು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರ್ಯಾಂಕ್ಸ್‌ಟನ್ ಮಾಡಿದ ವಿಸಿಕ್ಯಾಲ್ಕ್ ಬಂತು. ಒಂದು ಮನೆಯ ಅಂಕಿ ಬದಲಿಸಿದರೆ ಉಳಿದವೆಲ್ಲ ತಾವೇ ಬದಲಾಗುವ ಹಾಳೆ. ವ್ಯಾಪಾರಿಗಳು ಕಂಪ್ಯೂಟರ್ ಕೊಂಡದ್ದು ಇದಕ್ಕಾಗಿ. ‘ಹೀಗಾದರೆ ಏನಾಗುತ್ತದೆ?’ ಎಂದು ಕೇಳಿ ಕೂತಲ್ಲೇ ಉತ್ತರ ಪಡೆಯುವುದು ಅಲ್ಲಿಯವರೆಗೆ ಗುಮಾಸ್ತರ ದಂಡು ಇದ್ದವರ ಭಾಗ್ಯವಾಗಿತ್ತು.

ಹೊರಗೆ ಇಷ್ಟೆಲ್ಲ ನಡೆಯುತ್ತಿದ್ದಾಗ ಕೊಡಗಿನ ಬೆಳೆಗಾರನಿಗೆ ಬೆಲೆಯ ಗೆರೆ ಬೇಕೇ ಆಗಿರಲಿಲ್ಲ. ಎರಡನೇ ಮಹಾಯುದ್ಧ ಯುರೋಪಿನ ಮಾರುಕಟ್ಟೆ ಮುಚ್ಚಿದ ಕಾಲದಲ್ಲಿ ಬೆಳೆಗಾರರನ್ನು ಉಳಿಸಲು ಬಂದ 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆದದ್ದೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗಬೇಕು. ಮಂಡಳಿ ಹರಾಜು ಹಾಕುತ್ತದೆ, ಗುಣಮಟ್ಟಕ್ಕೆ ಪಾಯಿಂಟ್ ಕೊಡುತ್ತದೆ, ಹಣ ಕಂತು ಕಂತಾಗಿ ಬರುತ್ತದೆ, ಕೊನೆಯ ಕಂತು ಬರುವಾಗ ಆ ಬೆಳೆ ಕೊಯ್ದ ನೆನಪೇ ಮಾಸಿರುತ್ತದೆ. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಹಿಮ ಸುಟ್ಟು ತೋಟಗಳೇ ಕಪ್ಪಾದಾಗ ಜಗತ್ತಿನ ಬೆಲೆ ಜಿಗಿಯಿತು. ಇಲ್ಲಿನ ಬೆಳೆಗಾರ ಅದನ್ನು ಸುದ್ದಿಯಾಗಿ ಓದಿದ. ಅವನು ಮಾಡಬೇಕಾದ ತೀರ್ಮಾನ ಯಾವುದೂ ಇರಲಿಲ್ಲ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು. 1992ರಲ್ಲಿ ಬೆಳೆಯ ಶೇ. 30 ಭಾಗವನ್ನು ದೇಶದೊಳಗೆ ಸ್ವಂತ ಮಾರಿಕೊಳ್ಳಬಹುದೆಂದಾಯಿತು, ಮರುವರ್ಷ ಶೇ. 50 ಭಾಗ ಮುಕ್ತ ಮಾರಾಟಕ್ಕೆ ಸಿಕ್ಕಿತು, ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರಲ್ಲಿ ಎಲ್ಲರಿಗೂ ಪೂರ್ತಿ. ಈ ನಡುವೆ 1994ರ ಜೂನ್, ಜುಲೈಯಲ್ಲಿ ಬ್ರೆಜಿಲ್‌ಗೆ ಮತ್ತೆ ಹಿಮ ಬಡಿಯಿತು. ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 2 ಡಾಲರ್ ದಾಟಿತು. ಈ ಸಲ ಅದು ಬರಿಯ ಸುದ್ದಿಯಾಗಿರಲಿಲ್ಲ. ಮನೆ ಕಟ್ಟಿದವರು, ಜೀಪು ಕೊಂಡವರು, ಮದುವೆ ಮಾಡಿದವರು ಕೊಡಗಿನ ತುಂಬ ಇದ್ದರು. ಬೆಳಿಗ್ಗೆ ಮಳೆ ಎಷ್ಟು ಸೆಂಟು ಎಂದು ನೋಡುತ್ತಿದ್ದವರು ರಾತ್ರಿ ನ್ಯೂಯಾರ್ಕ್ ಎಷ್ಟು ಸೆಂಟು ಎಂದು ಕೇಳತೊಡಗಿದರು. ಮೂರನೆಯ ಸೆಂಟು ಇದೇ.

ಆ ಗೆರೆ ಬಂದಷ್ಟೇ ವೇಗವಾಗಿ ಕೆಳಗಿಳಿಯಿತು. 2001ರಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿನ ಕೆಳಗೆ, ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 500 ಡಾಲರಿನ ಕೆಳಗೆ ಬಿತ್ತು. ಕೊಯ್ಯುವ ಕೂಲಿಗೂ ಬೆಲೆ ಸಾಲದ ಕಾಲ. ಮಾರುವ ಸ್ವಾತಂತ್ರ್ಯದ ಜೊತೆ ಯಾವಾಗ ಮಾರಬೇಕೆಂಬ ಸಂಕಟವನ್ನೂ ಮನೆಗೆ ತಂದುಕೊಂಡಿದ್ದೇವೆ ಎಂದು ಜನಕ್ಕೆ ತಿಳಿದದ್ದು ಆಗ.

ಈಗ ಎಲ್ಲರ ಕೈಯಲ್ಲೂ ಆ ಗೆರೆ ಇದೆ. ಕಾಫಿ ಮಂಡಳಿ ದಿನದ ಬೆಲೆ ಪ್ರಕಟಿಸುತ್ತದೆ, ಮೊಬೈಲಿನಲ್ಲಿ ಲಂಡನ್ ಮಾರುಕಟ್ಟೆಯ ಕೆಂಪು ಹಸಿರು ಕಡ್ಡಿಗಳು ಕುಣಿಯುತ್ತವೆ. ಎರಡು ಬೆರಳಲ್ಲಿ ಹಿಗ್ಗಿಸಿದರೆ ಒಂದು ದಿನ, ಕುಗ್ಗಿಸಿದರೆ ಇಪ್ಪತ್ತು ವರ್ಷ. ಈ ವಿದ್ಯೆಯ ಬಗ್ಗೆ ಬರೆದ ಬೆನ್ ಶ್ನೈಡರ್‌ಮನ್ 1996ರಲ್ಲಿ ಒಂದು ಕ್ರಮ ಹೇಳಿದ್ದರು: ಮೊದಲು ಇಡೀ ನೋಟ, ಆಮೇಲೆ ಹತ್ತಿರ ಹೋಗಿ ಬೇಕಾದ್ದನ್ನು ಜರಡಿ ಹಿಡಿಯುವುದು, ವಿವರ ಬೇಕೆಂದಾಗ ಮಾತ್ರ. ನಮ್ಮ ಕಾಫಿ ಸೀಮೆಯಲ್ಲಿ ಇದು ತಲೆಕೆಳಗಾಗಿದೆ. ಎಲ್ಲರೂ ವಿವರದಲ್ಲೇ ಶುರುಮಾಡಿ ಅಲ್ಲಿಯೇ ನಿಲ್ಲುತ್ತಾರೆ. ಇವತ್ತು ಎಷ್ಟು ಇಳಿಯಿತು, ಊಟದ ಹೊತ್ತಿಗೆ ಎಷ್ಟು ಏರಿತು. 2024ರ ಸೆಪ್ಟೆಂಬರಿನಲ್ಲಿ ಲಂಡನ್ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿದಾಗ ಒಂದು ತಿಂಗಳ ಚಿತ್ರ ನೋಡಿದವನಿಗೆ ಅದು ಇನ್ನೂ ಏರುವ ಗುಡ್ಡ. ಇಪ್ಪತ್ತೈದು ವರ್ಷದ ಚಿತ್ರ ನೋಡಿದವನಿಗೆ ಅದು ಎಂದೂ ಕಾಣದ ಶಿಖರ. ಅಂಕಿ ಒಂದೇ. ಮೊದಲನೆಯವನು ಚೀಲ ಗೋದಾಮಿನಲ್ಲಿಡುತ್ತಾನೆ, ಎರಡನೆಯವನು ಲಾರಿ ಕರೆಸುತ್ತಾನೆ. ತೀರ್ಮಾನವನ್ನು ಅಂಕಿ ಮಾಡಿತು ಎನ್ನುತ್ತೇವೆ, ನಿಜಕ್ಕೂ ಮಾಡಿದ್ದು ಎರಡು ಬೆರಳಿನ ನಡುವಿನ ಅಂತರ.

ಇನ್ನೊಂದು ಮಾತು. ಲಂಡನ್ನಿನ ಗೆರೆ ಡಾಲರಿನಲ್ಲಿ, ಟನ್ನಿನಲ್ಲಿ, ಸಿಪ್ಪೆ ತೆಗೆದ ಬೀಜಕ್ಕೆ. ಕೊಡಗಿನ ಸಣ್ಣ ಬೆಳೆಗಾರ ಮಾರುವುದು ರೂಪಾಯಿಯಲ್ಲಿ, 50 ಕೆ.ಜಿ. ಚೀಲದಲ್ಲಿ, ಒಣಗಿಸಿದ ಚೆರಿಯನ್ನು. ನಡುವೆ ‘ಓಟಿ’ ಎಂಬ ಸಂಗತಿ ಇದೆ. ವ್ಯಾಪಾರಿ ಚೀಲದಿಂದ ಒಂದು ಹಿಡಿ ತೆಗೆದು ಸಿಪ್ಪೆ ಬಿಡಿಸಿ ತೂಗುತ್ತಾನೆ. ಐವತ್ತು ಕಿಲೋಗೆ ಇಪ್ಪತ್ತಾರು ಕಿಲೋ ಬೀಜ ಬಂದರೆ ಓಟಿ ಇಪ್ಪತ್ತಾರು. ರೇಟು ಅದರ ಮೇಲೆ. ಕಣದಲ್ಲಿ ಸರಿಯಾಗಿ ಒಣಗದಿದ್ದರೆ, ಕಾಳು ಸಣ್ಣದಾದರೆ ಓಟಿ ಇಳಿಯಿತು. ಮೊಬೈಲಿನ ಗೆರೆ ನೋಡಿ ಅಂಗಡಿಗೆ ಹೋದವನು ಬೇರೆಯೇ ಮೊತ್ತ ಹಿಡಿದು ಬರುವುದು ಇದರಿಂದ. ಡಾಲರ್, ಟನ್, ಓಟಿ, ತೇವಾಂಶ, ಲಾರಿ ಬಾಡಿಗೆ ಎಲ್ಲವನ್ನೂ ಒಂದೇ ತೆರೆಯಲ್ಲಿಟ್ಟು ‘ನಿನ್ನ ಚೀಲಕ್ಕೆ ಇವತ್ತು ಇಷ್ಟು’ ಎನ್ನುವ ಚಿತ್ರ ಬೆಳೆಗಾರನಿಗೆ ಬೇಕು. ದೊಡ್ಡ ರಫ್ತು ಕಂಪೆನಿಯವನ ಮೇಜಿನ ಮೇಲೆ ಅದು ಯಾವತ್ತೋ ಬಂದಿದೆ. ಚೌಕಾಸಿಯಲ್ಲಿ ಯಾರ ಕೈ ಮೇಲೆ ಎಂಬುದು ಯಾರ ಚಿತ್ರ ಪೂರ್ತಿ ಇದೆ ಎಂಬುದರ ಮೇಲೆ ನಿಂತಿದೆ.

ಮಳೆಯ ಕಡೆಗೆ ಮರಳುತ್ತೇನೆ. ಬರಗಾಲದ ಮೇಲೆ ಕಣ್ಣಿಡಲು ಕರ್ನಾಟಕ 1988ರಲ್ಲಿ ಒಂದು ಕೋಶ ತೆರೆಯಿತು. ಅದೇ ಬೆಳೆದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಇವತ್ತು ಅದರ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿ ನಿಂತು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ, ಹೆಮ್ಮೆ ಪಡಬೇಕಾದ್ದು.

ಆದರೆ ಆ ಅಂಕಿಗಳಿಂದ ಹುಟ್ಟುವ ಬಣ್ಣದ ನಕ್ಷೆಯನ್ನು ಭಾಗಮಂಡಲದಿಂದ ನೋಡಿ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ದಿನಕ್ಕೆ 64.5 ಮಿ.ಮೀ. ಮೇಲೆ ಭಾರಿ, 115.6ರ ಮೇಲೆ ಅತಿ ಭಾರಿ, 204.4 ದಾಟಿದರೆ ವಿಪರೀತ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಬಣ್ಣದ ಪಟ್ಟಿ ಹಚ್ಚಿದರೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬ್ರಹ್ಮಗಿರಿಯ ಬುಡ ಹೆಚ್ಚಿನ ದಿನ ಕಡು ಬಣ್ಣದಲ್ಲೇ ಇರುತ್ತದೆ. ಕಕ್ಕಡ ತಿಂಗಳಲ್ಲಿ ನೂರು ಮಿಲಿಮೀಟರ್ ಬಿದ್ದ ದಿನ ಭಾಗಮಂಡಲದವರಿಗೆ ಮಾಮೂಲು ದಿನ. ಅವರಿಗೆ ಬೇಕಾದದ್ದು ಇವತ್ತಿನ ಬಣ್ಣ ಅಲ್ಲ, ಇಲ್ಲಿಯವರೆಗೆ ಒಟ್ಟು ಎಷ್ಟಾಯಿತು, ಹೋದ ವರ್ಷ ಈ ದಿನಕ್ಕೆ ಎಷ್ಟಾಗಿತ್ತು, ಕಳೆದ ಮೂರು ದಿನದಲ್ಲಿ ಎಷ್ಟು ಎಂಬ ಏರುಗೆರೆ. ಬೆಂಗಳೂರಿನಲ್ಲಿ ಕೂತು ವಾರಾಂತ್ಯಕ್ಕೆ ಹೋಂಸ್ಟೇ ಬುಕ್ ಮಾಡಿದವನಿಗೆ ಮಾತ್ರ ಆ ಕೆಂಪು ಸಾಕು. ಫೋನ್ ಮಾಡಿ ರದ್ದು ಮಾಡುತ್ತಾನೆ. ಸಿದ್ದಾಪುರದ ಹೋಂಸ್ಟೇಯ ಅಂಗಳದಲ್ಲಿ ಬಿಸಿಲಿದ್ದರೂ ಇಡೀ ಜಿಲ್ಲೆ ನಕ್ಷೆಯಲ್ಲಿ ಒಂದೇ ಬಣ್ಣ.

2020ರ ಆಗಸ್ಟ್ 5ರ ರಾತ್ರಿ ತಲಕಾವೇರಿಯ ಬಳಿ ಗಜಗಿರಿ ಬೆಟ್ಟ ಕುಸಿದು ಪ್ರಧಾನ ಅರ್ಚಕರೂ ಸೇರಿ ಐವರು ಮಣ್ಣಿನಡಿ ಸಿಕ್ಕಿದರು. ಭಾಗಮಂಡಲದಿಂದ ಅಲ್ಲಿಗೆ ಎಂಟು ಕಿಲೋಮೀಟರ್ ಏರು. ಕೆಳಗಿನ ಕಣಿವೆಯ ಮಾಪಕದಲ್ಲಿ ಬಿದ್ದ ಮಳೆ, ಮೇಲಿನ ಏಣಿನಲ್ಲಿ ಬಿದ್ದ ಮಳೆ ಬೇರೆ ಬೇರೆ. ನಡುವಿನ ಜಾಗವನ್ನು ನಕ್ಷೆ ಲೆಕ್ಕ ಹಾಕಿ ಬಣ್ಣ ತುಂಬುತ್ತದೆ, ಅಳೆದು ಅಲ್ಲ. ಅಳೆದ ಜಾಗಕ್ಕೂ ಊಹಿಸಿದ ಜಾಗಕ್ಕೂ ಒಂದೇ ನೀಲಿ. ಕಾಗದದ ಪುಸ್ತಕದಲ್ಲಿ ರೈಟರು ರಜೆ ಹೋದ ದಿನ ಮನೆ ಖಾಲಿ ಬಿಡುತ್ತಿದ್ದರು; ಗೊತ್ತಿಲ್ಲದ್ದು ಗೊತ್ತಿಲ್ಲದ್ದಾಗಿಯೇ ಕಾಣುತ್ತಿತ್ತು. ತೆರೆಯ ಮೇಲಿನ ನಕ್ಷೆಯಲ್ಲಿ ಖಾಲಿ ಮನೆ ಇರುವುದೇ ಇಲ್ಲ. ಈ ಕಸುಬಿನವರು ಇನ್ನೂ ಸರಿಮಾಡದೆ ಬಿಟ್ಟ ದೋಷಗಳಲ್ಲಿ ಇದೇ ದೊಡ್ಡದೆಂದು ನನ್ನ ಅಭಿಪ್ರಾಯ.

ಯಂತ್ರಕ್ಕೂ ತನ್ನ ಪಾಡಿದೆ. ಸ್ವಯಂಚಾಲಿತ ಮಾಪಕದೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ತೊಟ್ಟಿಲು ಇರುತ್ತದೆ. ಇಷ್ಟು ಹನಿ ತುಂಬಿದರೆ ಒಂದು ಕಡೆ ವಾಲುತ್ತದೆ, ಒಂದು ಎಣಿಕೆ. ಬಿರುಮಳೆಯಲ್ಲಿ ವಾಲುವ ಹೊತ್ತಿಗೆ ಒಂದಷ್ಟು ನೀರು ಎಣಿಕೆ ತಪ್ಪಿ ಹೋಗುತ್ತದೆ. ಸಿಲ್ವರ್ ಓಕಿನ ಎಲೆಯೊಂದು ಆಲಿಕೆಗೆ ಬಿದ್ದರೆ ಹೊರಗೆ ಕುಂಭದ್ರೋಣ, ತೆರೆಯ ಮೇಲೆ ಸೊನ್ನೆ. ಈ ಕಾರಣಕ್ಕೇ ತೋಟಗಳ ಕೈಬರಹದ ಪುಸ್ತಕ ಇನ್ನೂ ಸತ್ತಿಲ್ಲ. ಪುದುಚೇರಿಯ ಫ್ರೆಂಚ್ ಸಂಸ್ಥೆ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಂಶೋಧಕರು ನೂರಕ್ಕೂ ಹೆಚ್ಚು ತೋಟಗಳ ಮಳೆ ಪುಸ್ತಕಗಳನ್ನು ಕೂಡಿಸಿ ಆರು ದಶಕಗಳ ದಿನದಿನದ ಲೆಕ್ಕ ಜೋಡಿಸಿದರು. ಮಳೆಗಾಲದ ಅವಧಿ ಸುಮಾರು ಎರಡು ವಾರ ಕುಗ್ಗಿದೆ ಎಂಬ ಸಂಗತಿ ಅದರಿಂದ ಹೊರಬಂತು. ಉಪಗ್ರಹ ಬರುವ ಮೊದಲೇ ಛತ್ರಿ ಹಿಡಿದು ಹೋದ ರೈಟರುಗಳ ಕೆಲಸ ಅದು. ಒಂದೊಂದು ತೋಟದವನಿಗೆ ತನ್ನ ಪುಟದಲ್ಲಿ ಅದು ಕಂಡಿರಲಿಲ್ಲ, ನೂರು ಪುಸ್ತಕ ಪಕ್ಕ ಪಕ್ಕ ಇಟ್ಟಾಗ ಕಂಡಿತು.

ಕಾಣುವುದು ಒಂದು, ಕಂಡದ್ದರ ಮೇಲೆ ನಡೆಯಲು ಆಗುವುದು ಇನ್ನೊಂದು. ಭಾರತದ ಕಾಫಿ ಹಿಡುವಳಿಗಳಲ್ಲಿ ಶೇ. 98ಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಗೆರೆ ಏರುತ್ತದೆ, ಮೇ ತಿಂಗಳವರೆಗೆ ಕಾದರೆ ಒಳ್ಳೆಯದು ಎಂದು ಚಿತ್ರ ಎಷ್ಟೇ ಸ್ಪಷ್ಟವಾಗಿ ಹೇಳಿದರೂ ಮಾರ್ಚ್ ಕೊನೆಗೆ ಸಹಕಾರ ಸಂಘದ ಸಾಲ ಕಟ್ಟಿ ನವೀಕರಿಸಬೇಕಾದವನು ಮಾರ್ಚ್‌ನಲ್ಲೇ ಮಾರುತ್ತಾನೆ. ಗೋದಾಮು ಇಲ್ಲದವನು ಜನವರಿಯಲ್ಲಿ ಕಣದಿಂದಲೇ ಮಾರುತ್ತಾನೆ. ಭಾಗಮಂಡಲ ಸುತ್ತಿನ ಬೆಟ್ಟದ ಊರುಗಳಲ್ಲಿ, ಅರೆಭಾಷೆ ಆಡುವ ಗೌಡರ ಮನೆಗಳಲ್ಲಿ, ಎರಡು ಮೂರು ಎಕರೆ ಕಾಫಿ, ಒಂದಿಷ್ಟು ಕರಿಮೆಣಸು, ಕಟ್ಟೆ ರೋಗ ತಿಂದು ಉಳಿಸಿದ ಏಲಕ್ಕಿ, ನಾಲ್ಕು ಜೇನುಪೆಟ್ಟಿಗೆ ಇಟ್ಟುಕೊಂಡವರಿಗೆ ತೀರ್ಮಾನ ಎನ್ನುವುದು ಗೆರೆಯಿಂದ ಹುಟ್ಟುವುದಿಲ್ಲ. ಮಕ್ಕಳ ಫೀಸು ಕಟ್ಟುವ ತಾರೀಖಿನಿಂದ ಹುಟ್ಟುತ್ತದೆ. ಜೇನಿನ ವಿಷಯದಲ್ಲಿ 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಸತ್ತದ್ದನ್ನು ಯಾವ ಗೆರೆಯೂ ಮುಂಚೆ ತೋರಿಸಲಿಲ್ಲ. ಪೆಟ್ಟಿಗೆ ತೆರೆದಾಗಲೇ ಗೊತ್ತಾಯಿತು.

ಹಾಗೆಂದು ಚಿತ್ರ ಬೇಡವೆನ್ನುವುದು ಸುಲಭದ ಮಾತು. ಪೂಲ್ ಕಾಲದಲ್ಲಿ ಚಿತ್ರವೇ ಇರಲಿಲ್ಲ, ಆಗ ಮೋಸವೂ ಕಾಣುತ್ತಿರಲಿಲ್ಲ, ವಿಳಂಬಕ್ಕೂ ಲೆಕ್ಕ ಕೇಳುವವರಿರಲಿಲ್ಲ. ಇವತ್ತು ಅಂಗಡಿಯವನು ಹೇಳಿದ ರೇಟಿಗೆ ‘ಇಲ್ಲ, ನಿನ್ನೆ ಲಂಡನ್ ಏರಿದೆ’ ಎಂದು ಎದುರು ಹೇಳುವ ಧೈರ್ಯ ಎರಡೆಕರೆಯವನಿಗೂ ಬಂದಿದೆ. ಸಾಲದ ಗಡುವು ಕಾಫಿಯ ಕಾಲಕ್ಕೆ ಹೊಂದಿಕೊಂಡು ಎರಡು ತಿಂಗಳು ಮುಂದೆ ಹೋದರೆ, ಊರಿಗೊಂದು ಗೋದಾಮು ಇದ್ದರೆ, ಆ ಗೆರೆಗೆ ಅವನ ಮನೆಯಲ್ಲೂ ಅರ್ಥ ಬರುತ್ತದೆ. ಅದು ಸಾಫ್ಟ್‌ವೇರ್ ಬರೆಯುವವರ ಕೈಯಲ್ಲಿಲ್ಲ.

ಫೆಬ್ರವರಿ ಕೊನೆಯ ವಾರ ಕೊಡಗಿನ ವಾಟ್ಸಾಪ್ ಗುಂಪುಗಳು ತುಂಬುತ್ತವೆ. ರಾಡಾರಿನಲ್ಲಿ ವಯನಾಡಿನ ಮೇಲೆ ಒಂದು ಹಸಿರು ಮಚ್ಚೆ ಕಂಡರೆ ಹತ್ತು ಜನ ಅದರ ಚಿತ್ರ ಕಳಿಸುತ್ತಾರೆ. ಕುಟ್ಟದವರು ಎಪ್ಪತ್ತು ಸೆಂಟು ಎಂದು ಬರೆಯುತ್ತಾರೆ, ಶ್ರೀಮಂಗಲದವರು ಒಂದು ಇಂಚು ಹತ್ತು, ಅಮ್ಮತ್ತಿಯವರು ಬರೀ ಗುಡುಗು. ಸ್ಪ್ರಿಂಕ್ಲರ್ ಪೈಪು ತೋಟದಲ್ಲಿ ಹಾಸಿ ಕಾದವರು ಇನ್ನೊಂದು ರಾತ್ರಿ ನೋಡೋಣ ಎಂದು ಪಂಪು ಚಾಲೂ ಮಾಡದೆ ಮಲಗುತ್ತಾರೆ. ಬೆಳಿಗ್ಗೆ ಎದ್ದು ಮೊಬೈಲ್ ನೋಡಿ, ಆಮೇಲೆ ಹೊರಗೆ ಹೋಗಿ ಮಾಪಕದ ಪಾತ್ರೆ ಎತ್ತಿ ನೋಡುತ್ತಾರೆ. ಪುಸ್ತಕದಲ್ಲಿ ಬರೆಯುವುದು ಪಾತ್ರೆಯ ಅಂಕಿಯನ್ನು.